ಟಿ ಹೋಗಿ ಸಿ ಬಂದಾಗ

ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದೇ ಒಂದು! ನಮ್ಮ ಜೀವಕೋಶಗಳೊಳಗೆ ಮಡಚಿಟ್ಟಿರುವ ಆ ಉದ್ದನೆಯ ಬರಹದಲ್ಲಿ, ಮೂರನೇ ವರ್ಣತಂತುವಿನ ಒಂದು ಮೂಲೆಯಲ್ಲಿ, ‘ಟಿ’ ಇರಬೇಕಾದ ಕಡೆ ‘ಸಿ’ ಬಂದು ಕೂತಿದೆ. ಅಷ್ಟೇ. ಅದನ್ನು ಹೊತ್ತವರು ಬೆಳಿಗ್ಗೆ ಎದ್ದು ಪೂಜೆ ಮಾಡಿ, ಅಂಗಡಿ ಬಾಗಿಲು ತೆಗೆದು, ಲೆಕ್ಕ ಬರೆದು, ಮೊಮ್ಮಕ್ಕಳ ಮದುವೆ ನೋಡಿ, ತುಂಬು ಬಾಳು ಬಾಳಿ ಹೋಗಬಹುದು. ಹಾಗೊಂದು ಅಕ್ಷರ ತಮ್ಮೊಳಗೆ ಅದಲುಬದಲಾಗಿದೆ ಎನ್ನುವುದು ಗೊತ್ತೇ ಆಗುವುದಿಲ್ಲ. ಆದರೆ ಒಂದು ದಿನ ಅಪೆಂಡಿಕ್ಸ್ ಕೆರಳಿತು ಅನ್ನಿ, ಆಪರೇಷನ್ ಟೇಬಲ್ ಮೇಲೆ ಮಲಗಿದರು ಅನ್ನಿ, ಸ್ಕೋಲಿನ್ ಎಂಬ ಇಂಜೆಕ್ಷನ್ ರಕ್ತನಾಳಕ್ಕೆ ಇಳಿಯಿತು ಅನ್ನಿ. ಐದು-ಹತ್ತು ನಿಮಿಷದಲ್ಲಿ ಮರಳಬೇಕಾದ ಉಸಿರು ತಾಸುಗಟ್ಟಲೆ ಮರಳುವುದಿಲ್ಲ!

ಈ ಅಕ್ಷರದ ಬೆನ್ನು ಹತ್ತಿದರೆ ಅದು ನಮ್ಮನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು ದಕ್ಷಿಣ ಭಾರತದ ಪೇಟೆಬೀದಿಗಳಲ್ಲಿ. ದಾವಣಗೆರೆಯ ಹಳೇಪೇಟೆಯ ಕಡೆ, ಹರಿಹರದ ಅಂಗಡಿ ಸಾಲುಗಳ ನಡುವೆ ಹಲವು ತಲೆಮಾರಿನಿಂದ ವ್ಯಾಪಾರ ಮಾಡಿಕೊಂಡು ಬಂದ ಆರ್ಯವೈಶ್ಯ ಮನೆತನಗಳಿವೆಯಲ್ಲ, ಕನ್ನಿಕಾ ಪರಮೇಶ್ವರಿಯ ಒಕ್ಕಲು, ಆ ಸಮುದಾಯದ ರಕ್ತದಲ್ಲಿ. ಅಲ್ಲಿಂದ ಅದೇ ದಾರಿ ಮುಂದುವರಿದು ಇನ್ನೊಂದು ದೊಡ್ಡ ಒಗಟಿನ ಬಾಗಿಲಿಗೂ ಹೋಗಿ ತಟ್ಟುತ್ತದೆ: ಆಪರೇಷನ್ ಚೆನ್ನಾಗಿಯೇ ಆದ ಮೇಲೆ ಕೆಲವು ಹಿರಿಯರು ಯಾಕೆ ಮಕ್ಕಳ ಗುರುತು ಹಿಡಿಯದೆ ಬಡಬಡಿಸುತ್ತಾರೆ? ಎರಡಕ್ಕೂ ನಂಟೇ ಇಲ್ಲ ಅಂದುಕೊಂಡು ಓದಲು ಕೂತವನು ನಾನು. ಓದುತ್ತ ಓದುತ್ತ ಕೂದಲು ನಿಮಿರಿತು.

ಮೊದಲು ಆಪರೇಷನ್ ಥಿಯೇಟರ್ ಒಳಗೆ ಹೋಗೋಣ. ರೋಗಿಗೆ ನಿದ್ದೆ ಬಂದ ಮೇಲೆ ಅರಿವಳಿಕೆ ತಜ್ಞರು ಗಂಟಲೊಳಗೆ ನಳಿಕೆ ಇಳಿಸಬೇಕು. ಅದಕ್ಕೆ ಮೈಯ ಸ್ನಾಯುಗಳೆಲ್ಲ ಸಡಿಲಾಗಬೇಕು, ಅದೂ ಬೇಗ. ಸ್ಕೋಲಿನ್, ಅಂದರೆ ಸಕ್ಸಿನೈಲ್‌ಕೋಲಿನ್, ಈ ಕೆಲಸದಲ್ಲಿ ಎತ್ತಿದ ಕೈ. ಒಂದು ನಿಮಿಷದೊಳಗೆ ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು. ರೆಪ್ಪೆ ಅದಿರುತ್ತದೆ, ಕೆನ್ನೆ ಅದಿರುತ್ತದೆ, ಚರ್ಮದ ಅಡಿಯಲ್ಲಿ ಹುಳು ಹರಿದಂತೆ ಸಣ್ಣ ನಡುಕವೊಂದು ಭುಜದಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲ್ಬೆರಳಿಗೆ ಓಡಿಹೋಗುತ್ತದೆ. ಆಮೇಲೆ ಎಲ್ಲ ಸ್ತಬ್ಧ. ಎದೆಯೂ ಏಳುವುದಿಲ್ಲ. ಅಲ್ಲಿಂದಾಚೆಗೆ ಉಸಿರು ತಜ್ಞರ ಕೈಯಲ್ಲಿರುವ ಚೀಲದ್ದು.

ಈ ಔಷಧಿಯ ರಚನೆ ನೋಡಿದರೆ ನಗು ಬರುತ್ತದೆ, ಬೆರಗೂ ಆಗುತ್ತದೆ. ನರ ಸ್ನಾಯುವಿಗೆ ‘ಬಿಗಿ’ ಎಂದು ಹೇಳಿ ಕಳಿಸುವುದು ಅಸಿಟೈಲ್‌ಕೋಲಿನ್ ಎಂಬ ಅಣುವಿನ ಮೂಲಕ. ಆ ಅಣುವಿನ ಎರಡು ಪ್ರತಿಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸಿದರೆ ಸಿಗುವುದೇ ಸ್ಕೋಲಿನ್! ನಮ್ಮ ಮೈಯದೇ ಮಾತನ್ನು ಜೋರಾಗಿ, ಬಿಡದೆ ಕೂಗಿ, ಸ್ನಾಯುವಿನ ಕಿವಿ ಮುಚ್ಚಿಸುವ ಔಷಧ ಅದು. ಹಾಗಾದರೆ ಐದು-ಹತ್ತು ನಿಮಿಷಕ್ಕೆ ಅದರ ಬಾಯಿ ಮುಚ್ಚಿಸುವವರು ಯಾರು? ಯಕೃತ್ತು ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ. ಹೆಸರು ನಾಲಿಗೆಗೆ ಕಷ್ಟ. ವೈದ್ಯರು ಸಲೀಸಾಗಿ ಸೂಡೊಕೋಲಿನೆಸ್ಟರೇಸ್ ಅನ್ನುತ್ತಾರೆ. ಅದರ ಚುರುಕು ಎಂಥದೆಂದರೆ, ಚುಚ್ಚಿದ ಸ್ಕೋಲಿನ್ನಿನ ಬಹುಪಾಲು ಸ್ನಾಯುವನ್ನು ಮುಟ್ಟುವ ಮೊದಲೇ ರಕ್ತದಲ್ಲೇ ಚೂರಾಗಿಬಿಡುತ್ತದೆ. ಅಳಿದುಳಿದದ್ದರ ಆಟವೇ ನಾವು ನೋಡುವ ಆ ಐದು-ಹತ್ತು ನಿಮಿಷ.

1951ರ ಸುಮಾರಿಗೆ ಯುರೋಪಿನ ಥಿಯೇಟರುಗಳಿಗೆ ಈ ಔಷಧ ಬಂತು. ಬಂದ ಕೆಲವೇ ವರ್ಷಗಳಲ್ಲಿ ವಿಚಿತ್ರ ವರದಿಗಳು ಶುರುವಾದವು: ಸಾವಿರಾರು ಮಂದಿ ಎದ್ದು ಕೂತರು, ಅಲ್ಲೊಬ್ಬ ಇಲ್ಲೊಬ್ಬರು ಮಾತ್ರ ಉಸಿರೆಳೆಯಲೇ ಇಲ್ಲ. ಇದು ಮನೆತನದಲ್ಲಿ ಹರಿದು ಬರುತ್ತದೆ ಅನ್ನುವುದು ಹೊಳೆಯಿತು. ಕೆನಡಾದ ಟೊರಾಂಟೊದಲ್ಲಿ ವೆರ್ನರ್ ಕ್ಯಾಲೊ 1957ರಲ್ಲಿ ಒಂದು ಸೊಗಸಾದ ಪರೀಕ್ಷೆ ಮಾಡಿದ. ಕಿಣ್ವಕ್ಕೆ ಡೈಬುಕೇನ್ ಎಂಬ ಔಷಧಿಯ ತಡೆ ಹಾಕಿ, ಅದು ಎಷ್ಟು ಬಗ್ಗುತ್ತದೆ ಎಂದು ಅಳೆಯುವುದು. ಸಾಮಾನ್ಯ ಜನರಿಗೆ ನೂರಕ್ಕೆ ಸುಮಾರು 80, ಒಂದು ತಪ್ಪು ಪ್ರತಿ ಇದ್ದವರಿಗೆ ಸುಮಾರು 60, ಎರಡೂ ತಪ್ಪಾಗಿದ್ದವರಿಗೆ ಸುಮಾರು 20. ಮೂರು ಗುಂಪು, ಬಿಡಿಬಿಡಿಯಾಗಿ! ಹರಿಹರದ ಗುಡಿಯಲ್ಲಿ ಒಂದೇ ಮೂರ್ತಿ ಅರ್ಧ ಹರ, ಅರ್ಧ ಹರಿಯಾಗಿ ನಿಂತಿಲ್ಲವೇ, ಹಾಗೆ ನಮ್ಮ ಒಂದೊಂದು ಜೀನೂ ಅಪ್ಪನ ಕಡೆಯ ಒಂದು ಪ್ರತಿ, ಅವ್ವನ ಕಡೆಯ ಒಂದು ಪ್ರತಿ. ಒಂದು ಕೆಟ್ಟರೆ ಇನ್ನೊಂದು ಸಂಸಾರ ತೂಗಿಸುತ್ತದೆ, ಎರಡೂ ಕೆಟ್ಟಾಗ ಮಾತ್ರ ಥಿಯೇಟರಿನಲ್ಲಿ ಗಡಿಯಾರ ನಿಲ್ಲುತ್ತದೆ. ಯಾರಿಗೆ ಯಾವ ಔಷಧ ಹೇಗೆ ಒಗ್ಗುತ್ತದೆ ಎಂಬುದನ್ನು ಜೀನಿನಲ್ಲಿ ಓದುವ ಫಾರ್ಮಕೊಜೆನೆಟಿಕ್ಸ್ ಎಂಬ ಶಾಸ್ತ್ರ ಕಣ್ಣು ಬಿಟ್ಟದ್ದು ಇಂಥ ಎರಡು-ಮೂರು ಒಗಟುಗಳಿಂದಲೇ.

ಈಗ ಕೊಯಮತ್ತೂರಿಗೆ ಬನ್ನಿ. ಅಲ್ಲಿನ ಭಾರತಿಯಾರ್ ವಿಶ್ವವಿದ್ಯಾಲಯದ ಆರ್. ಬೂಪತಿ, ಐ. ಮನೋಹರನ್ ಮತ್ತು ಸಂಗಡಿಗರು ಅಮೆರಿಕದ ನೆಬ್ರಾಸ್ಕಾದ ಒಕ್ಸಾನಾ ಲಾಕ್‌ರಿಜ್ ಜೊತೆಗೂಡಿ ವೈಶ್ಯ ಸಮುದಾಯದವರ ರಕ್ತ ಪರೀಕ್ಷಿಸಿದರು. ಕೆಲವರಲ್ಲಿ ಕಿಣ್ವ ಕಡಿಮೆ ಇತ್ತು ಅಂತಲ್ಲ, ಇರಲೇ ಇಲ್ಲ! ಜೀನ್ ಓದಿ ನೋಡಿದರೆ 574 ಅಮೈನೊ ಆಮ್ಲಗಳ ಸರದಲ್ಲಿ 307ನೆಯದು ಬದಲಾಗಿತ್ತು. ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್. ಟಿ ಹೋಗಿ ಸಿ ಬಂದದ್ದರ ಫಲ. ಪ್ರೋಲಿನ್ ಮೊಂಡು ಮಣಿ. ತಾನು ಕೂತಲ್ಲಿ ಸರವನ್ನು ಮುರಿದಂತೆ ಬಾಗಿಸುತ್ತದೆ. ಹಾಗೆ ಬಾಗಿದ ಕಿಣ್ವ ಸರಿಯಾಗಿ ಮಡಚಿಕೊಳ್ಳದೆ ನಿಲ್ಲಲಾರದೆ ಹೋಗುತ್ತದೆ. 2006ರಲ್ಲಿ ಈ ಬದಲಾವಣೆ ಪ್ರಕಟವಾಯಿತು. ಮರುವರ್ಷದ ವರದಿಯ ಅಂಕಿ ನೋಡಿ ಮತ್ತೆ ಮತ್ತೆ ಕಣ್ಣುಜ್ಜಿಕೊಂಡೆ: ಯುರೋಪು, ಅಮೆರಿಕದಲ್ಲಿ ಕಿಣ್ವ ಪೂರ್ತಿ ಮೂಕವಾದವರು ಲಕ್ಷಕ್ಕೆ ಒಬ್ಬರು. ಕೊಯಮತ್ತೂರಿನಲ್ಲಿ ಪರೀಕ್ಷಿಸಿದ ವೈಶ್ಯರಲ್ಲಿ 24ಕ್ಕೆ ಒಬ್ಬರು. ನಾಲ್ಕು ಸಾವಿರ ಪಟ್ಟು!

ಇನ್ನೂ ದೊಡ್ಡ ಬೆರಗು ಬೇರೆ ಇದೆ. ಹುಟ್ಟಿನಿಂದ ಆ ಕಿಣ್ವವೇ ಇಲ್ಲದವರ ಆರೋಗ್ಯ ಹೇಗಿದೆ ಎಂದು ಅವರು ವಿಚಾರಿಸಿದರು. ಚೆನ್ನಾಗಿದ್ದಾರೆ. ಅವರಿಗೇ ಅಂಟಿಕೊಂಡ ಕಾಯಿಲೆ ಯಾವುದೂ ಕಾಣಲಿಲ್ಲ. ರಕ್ತದ ತುಂಬ ಓಡಾಡುವ ಇಷ್ಟು ದೊಡ್ಡ ಕಿಣ್ವ ಇಲ್ಲದಿದ್ದರೂ ಬದುಕು ಸಲೀಸು. ಸ್ಕೋಲಿನ್ ಅಥವಾ ಅದರ ದಾಯಾದಿ ಮಿವಾಕ್ಯೂರಿಯಂ ಎದುರಾಗುವ ತನಕ.

ಒಂದು ಸಮುದಾಯದಲ್ಲಿ ಮಾತ್ರ ಇಷ್ಟು ಗುಡ್ಡೆ ಬೀಳಲು ಕಾರಣವೇನು? ಉತ್ತರ ಬಂದದ್ದು ಹೈದರಾಬಾದಿನಿಂದ. ಸಿಸಿಎಂಬಿ ಎಂಬ ಸಂಶೋಧನಾ ಕೇಂದ್ರದ ಕುಮಾರಸ್ವಾಮಿ ತಂಗರಾಜ್, ಲಾಲ್‌ಜಿ ಸಿಂಗ್ ಹಾಗೂ ಹಾರ್ವರ್ಡಿನ ಡೇವಿಡ್ ರೈಖ್ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಭಾರತದ ಜನಸಮುದಾಯಗಳ ವಂಶವಾಹಿಯ ಚರಿತ್ರೆ ಬರೆದರು. ಅದರಲ್ಲಿ ವೈಶ್ಯರ ಮಾತು ಬರುತ್ತದೆ. ನೂರಕ್ಕೂ ಹೆಚ್ಚು ತಲೆಮಾರುಗಳ ಹಿಂದೆ, ಅಂದರೆ ಎರಡು-ಮೂರು ಸಾವಿರ ವರ್ಷಗಳ ಹಿಂದೆ, ಕೆಲವೇ ಪೂರ್ವಿಕರಿಂದ ಈ ಸಮುದಾಯ ಕವಲೊಡೆಯಿತು. ಆಮೇಲೆ ಒಂದೊಂದು ತಲೆಮಾರಿನಲ್ಲೂ ಹೊರಗಿನಿಂದ ಬಂದ ರಕ್ತ ಮೂವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ! ರಾಜ್ಯಗಳು ಎದ್ದವು, ಬಿದ್ದವು; ಹೊಯ್ಸಳರು ಬಂದು ಹರಿಹರದಲ್ಲಿ 1224ರ ಹೊತ್ತಿಗೆ ಗುಡಿ ಕಟ್ಟಿದರು, ಹೋದರು; ಎತ್ತಿನ ಗಾಡಿ ಹೋಗಿ ರೈಲು ಬಂತು, ಹತ್ತಿಯ ಗಿರಣಿಗಳು ಬಂದು ದಾವಣಗೆರೆ ಬೆಳೆಯಿತು; ಅಷ್ಟೂ ಕಾಲ ಮದುವೆಗಳು ಮಾತ್ರ ಒಳಗೊಳಗೇ ನಡೆದವು. ಪೆನುಗೊಂಡದ ವಾಸವಿಯ, ಅಂದರೆ ಅದೇ ಕನ್ನಿಕಾ ಪರಮೇಶ್ವರಿಯ ಕಥೆಯಲ್ಲಿ 102 ಗೋತ್ರದವರು ದೇವಿಯ ಜೊತೆ ನಿಂತರು ಎನ್ನುತ್ತಾರೆ. ಪುರಾಣವನ್ನು ಪ್ರಯೋಗಾಲಯಕ್ಕೆ ಎಳೆದು ತಂದು ಸಾಕ್ಷಿ ಹೇಳಿಸುವುದು ನನಗೆ ಇಷ್ಟವಿಲ್ಲ. ಆದರೂ ಒಂದು ಸಮುದಾಯ ತನ್ನನ್ನು ಕೆಲವೇ ಮನೆತನಗಳ ಸಂತತಿ ಎಂದು ಹೇಳಿಕೊಂಡು ಬಂದಿರುವುದು, ಜೀನುಗಳೂ ಇನ್ನೊಂದು ಭಾಷೆಯಲ್ಲಿ ಅದೇ ದಿಕ್ಕಿನ ಮಾತಾಡುವುದು ನೋಡಿದಾಗ ಸುಮ್ಮನಿರಲೂ ಆಗುವುದಿಲ್ಲ.

ಹೀಗಾಗಿಯೇ ದಕ್ಷಿಣ ಭಾರತದ ಅರಿವಳಿಕೆ ತಜ್ಞರು ಎಷ್ಟೋ ಕಾಲದಿಂದ ಈ ಸಮುದಾಯದವರಿಗೆ ಸ್ಕೋಲಿನ್ ಕೊಡಲು ಹಿಂಜರಿಯುತ್ತಾರೆ. ಕೇಳದೆ ವಿಧಿಯಿಲ್ಲ, ಕೇಳಲು ಮುಜುಗರ ಎಂಬಂಥ ಪ್ರಶ್ನೆ: ‘ತಾವು ಆರ್ಯವೈಶ್ಯರೇ?’ ಆಸ್ಪತ್ರೆಯಲ್ಲಿ ಜಾತಿ ಕೇಳಿದರೆ ಯಾರಿಗೂ ಹಿತವೆನಿಸುವುದಿಲ್ಲ. ಅಡ್ಡಹೆಸರು ನೋಡಿ ತೀರ್ಮಾನಿಸಹೊರಟರಂತೂ ಪೂರ್ತಿ ಎಡವಟ್ಟು. ದಾವಣಗೆರೆಯಲ್ಲಿ ‘ಶೆಟ್ಟರು’ ಅಂದರೆ ಲಿಂಗಾಯತ ಬಣಜಿಗರೂ ಆಗಬಹುದು. ಹೋಟೆಲ್ ಇಟ್ಟ ಶೆಟ್ಟರು ಕರಾವಳಿಯ ಬಂಟರೂ ಆಗಬಹುದು. ಅದೂ ಅಲ್ಲದೆ ಈ ಜೀನಿನ ಬೇರೆ ಬೇರೆ ತಪ್ಪುಗಳು ಅಪರೂಪಕ್ಕೆ ಎಲ್ಲ ಜನರಲ್ಲೂ ಇವೆ. ನನ್ನನ್ನು ಕೇಳಿದರೆ ಸರಿಯಾದ ಪ್ರಶ್ನೆ ಇದು: ‘ನಿಮ್ಮ ಮನೇಲಿ ಯಾರಿಗಾದ್ರೂ ಆಪರೇಷನ್ ಆದ್ಮೇಲೆ ಉಸಿರು ಬರೋದು ತಡ ಆಗಿ ವೆಂಟಿಲೇಟರ್ ಹಾಕಿದ್ರಾ?’ ಹೌದು ಅಂದರೆ ಸ್ಕೋಲಿನ್ ಪಕ್ಕಕ್ಕಿಟ್ಟು ರೊಕ್ಯುರೋನಿಯಂನಂಥ, ಈ ಕಿಣ್ವದ ಹಂಗಿಲ್ಲದ ಔಷಧ ಬಳಸಿದರೆ ಆಯಿತು. ಗೊತ್ತಿಲ್ಲದೆ ಕೊಟ್ಟರೂ ಜೀವಕ್ಕೆ ಸಂಚಕಾರ ಬರಬೇಕಿಲ್ಲ. ವೆಂಟಿಲೇಟರ್ ಮೇಲಿಟ್ಟು, ನಿದ್ದೆಯ ಔಷಧ ಮುಂದುವರಿಸಿ, ತಾಳ್ಮೆಯಿಂದ ಕಾದರೆ ಔಷಧ ತಾನಾಗಿ ಕರಗುತ್ತದೆ. ನಿದ್ದೆಯ ಔಷಧ ಮುಂದುವರಿಸುವುದು ಯಾಕೆ ಗೊತ್ತೇ? ಅದನ್ನು ನಿಲ್ಲಿಸಿದರೆ ಮನಸ್ಸು ಎಚ್ಚರಾಗಿಬಿಡುತ್ತದೆ. ಎಲ್ಲ ಕೇಳಿಸುತ್ತದೆ. ರೆಪ್ಪೆ ಎತ್ತಲೂ ಆಗುವುದಿಲ್ಲ.

ಈಗ ಇದನ್ನು ತಿರುವಿ ಹಾಕಿ ನೋಡಿ. ಮೈ ಎದ್ದಿದೆ, ಕಣ್ಣು ತೆರೆದಿದೆ, ಉಸಿರು ಸರಾಗ, ಮನಸ್ಸೇ ಊರಲ್ಲಿಲ್ಲ!

ಸೊಂಟದ ಮೂಳೆ ಮುರಿದ ಎಪ್ಪತ್ತೆಂಟರ ಯಜಮಾನರೊಬ್ಬರನ್ನು ನೆನೆಸಿಕೊಳ್ಳಿ. ಹರಪನಹಳ್ಳಿಯಿಂದಲೋ ಚನ್ನಗಿರಿಯಿಂದಲೋ ದಾವಣಗೆರೆಗೆ ಕರೆತಂದು ಆಪರೇಷನ್ ಮಾಡಿಸಿದ್ದಾರೆ. ಮೊದಲ ದಿನ ಗಂಜಿ ಕುಡಿದು ಮಾತಾಡಿದ್ದರು. ಎರಡನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗನನ್ನು ನೋಡಿ ‘ಏ ತಮ್ಮಾ, ಲಾರಿ ಬಂತೇನೋ? ಮೆಕ್ಕೆಜೋಳ ತೂಕಕ್ಕೆ ಹಚ್ಚು’ ಎನ್ನುತ್ತಾರೆ. ಸೊಸೆ ‘ಮಾವಾರೆ, ಇದು ಆಸ್ಪತ್ರೆ ರೀ’ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಹೊದಿಕೆಯ ಅಂಚನ್ನು ಕಾಳು ಆರಿಸಿದಂತೆ ಕೀಳುತ್ತಾರೆ, ಸಲೈನ್ ಪೈಪಿಗೆ ಕೈ ಹಾಕುತ್ತಾರೆ. ಬೆಳಗಾದರೆ ಸರಿ, ಸಂಜೆಗೆ ಮತ್ತೆ ಅದೇ. ಊರಿನವರು ಇದನ್ನು ಸನ್ನಿ ಹಿಡಿದಿದೆ ಅನ್ನುತ್ತಾರೆ, ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಗದ್ದಲ ಮಾಡುವವರನ್ನಾದರೂ ಗುರುತಿಸಬಹುದು. ಇದಕ್ಕಿಂತ ಮೋಸದ್ದು ಸದ್ದಿಲ್ಲದ ಸನ್ನಿ. ಅಜ್ಜ ಸುಮ್ಮನೆ ಗೋಡೆ ನೋಡಿಕೊಂಡು ಮಲಗಿರುತ್ತಾರೆ, ಮನೆಯವರು ‘ಪಾಪ, ಸುಸ್ತಾಗ್ಯಾರೆ’ ಅಂದುಕೊಳ್ಳುತ್ತಾರೆ.

ಇದು ಹೊಸ ದೂರಲ್ಲ. 1955ರಲ್ಲೇ ಆಕ್ಸ್‌ಫರ್ಡಿನ ಬೆಡ್‌ಫರ್ಡ್ ಎಂಬ ವೈದ್ಯ ಲ್ಯಾನ್ಸೆಟ್‌ನಲ್ಲಿ, ಅರಿವಳಿಕೆಯ ನಂತರ ಕೆಲವು ಮುದುಕರು ‘ಮೊದಲಿನ ಹಾಗಿಲ್ಲ’ ಎಂಬ ಮನೆಯವರ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆದ. 1998ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ 60 ದಾಟಿದ 1218 ಮಂದಿಯನ್ನು ದೊಡ್ಡ ಆಪರೇಷನ್‌ಗೆ ಮುಂಚೆ, ಆಮೇಲೆ ಪರೀಕ್ಷೆಗೆ ಕೂರಿಸಿದವು. ವಾರ ಕಳೆದಾಗ ನೂರಕ್ಕೆ 25.8 ಮಂದಿಯ ನೆನಪು, ಚುರುಕು ಕುಗ್ಗಿತ್ತು. ಮೂರು ತಿಂಗಳಿಗೂ ನೂರಕ್ಕೆ 9.9 ಮಂದಿ ಹಾಗೇ ಉಳಿದಿದ್ದರು. ಒಂದೇ ಕೊಠಡಿ, ಒಂದೇ ಔಷಧ, ಒಂದೇ ವಯಸ್ಸು. ಒಬ್ಬರು ಎದ್ದು ಪೇಪರ್ ಓದುತ್ತಾರೆ, ಪಕ್ಕದವರು ಮಗಳ ಹೆಸರು ಮರೆಯುತ್ತಾರೆ. ಏಕೆ?

ಇಲ್ಲಿ ಮತ್ತೆ ನಮ್ಮ ಹಳೆಯ ಗೆಳೆಯ ಅಸಿಟೈಲ್‌ಕೋಲಿನ್ ಪ್ರವೇಶ! ಸ್ನಾಯುವಿಗೆ ಬಿಗಿ ಎನ್ನುವ ಅದೇ ಅಣು ಮಿದುಳಿನೊಳಗೆ ಗಮನವನ್ನು ಹಿಡಿದು ನಿಲ್ಲಿಸುತ್ತದೆ, ನೆನಪನ್ನು ಕಟ್ಟುತ್ತದೆ. ಅದರ ಕೆಲಸ ಕೆಡಿಸಿದರೆ ಏನಾಗುತ್ತದೆ ಎಂದು ತೋರಿಸುವ ಗಿಡ ಕಾಲುವೆ ಬದಿಯಲ್ಲಿ, ತಿಪ್ಪೆಯ ಪಕ್ಕದಲ್ಲಿ ತಾನಾಗಿ ಬೆಳೆಯುತ್ತದೆ: ಉಮ್ಮತ್ತಿ. ಶಿವನಿಗೆ ಏರಿಸುವ ಆ ಬಿಳಿ ಹೂವಿನ ಗಿಡದ ಬೀಜ ಹೊಟ್ಟೆಗೆ ಹೋದರೆ ಮನುಷ್ಯ ಗಾಳಿಯಲ್ಲಿ ಇಲ್ಲದ್ದನ್ನು ಹಿಡಿಯುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ. ಅದರೊಳಗಿನ ಅಟ್ರೋಪಿನ್, ಸ್ಕೋಪೊಲಮೈನ್‌ಗಳು ಅಸಿಟೈಲ್‌ಕೋಲಿನ್ ಕೂರುವ ಪೀಠವನ್ನೇ ಆಕ್ರಮಿಸಿಕೊಳ್ಳುತ್ತವೆ. ಆ ರೋಗಿಯನ್ನೂ ಸೊಂಟದ ಆಪರೇಷನ್ ಆದ ಯಜಮಾನರನ್ನೂ ಅಕ್ಕಪಕ್ಕ ಮಲಗಿಸಿ. ಹೊದಿಕೆ ಕೀಳುವ ಬೆರಳುಗಳಲ್ಲಿ ಎಷ್ಟು ಹೋಲಿಕೆ!

ಭದ್ರಾ ನಾಲೆಯ ಭತ್ತದ ಸೀಮೆಯಲ್ಲಿ ಈ ಕಥೆಗೆ ಇನ್ನೊಂದು ಕವಲಿದೆ. ಗದ್ದೆಗೆ ಹೊಡೆಯುವ ಆರ್ಗನೊಫಾಸ್ಫರಸ್ ಕೀಟನಾಶಕಗಳ ವಿಷ ಕೋಲಿನೆಸ್ಟರೇಸ್ ಕಿಣ್ವಗಳನ್ನೇ ಹಿಡಿದು ಕೆಡಿಸುತ್ತದೆ. ಆಗ ಅಸಿಟೈಲ್‌ಕೋಲಿನ್ ತುಂಬಿ ಉಕ್ಕುತ್ತದೆ: ಬಾಯಲ್ಲಿ ನೊರೆ, ಸೂಜಿಮೊನೆಯಷ್ಟಾದ ಪಾಪೆ, ಮೈಯೆಲ್ಲ ಬೆವರು. ಚಿಕಿತ್ಸೆಗೆ ಕೊಡುವುದು ಉಮ್ಮತ್ತಿಯೊಳಗಿನ ಅದೇ ಅಟ್ರೋಪಿನ್, ಸಾಲುಸಾಲು ಆಂಪ್ಯೂಲು. ಪ್ರಮಾಣ ಸ್ವಲ್ಪ ಹೆಚ್ಚಾದರೆ ರೋಗಿ ಬಡಬಡಿಸಲು ಶುರು. ತೂಕದ ತಕ್ಕಡಿ ಇನ್ನೊಂದು ಕಡೆ ವಾಲಿತು! ಇಂಥ ರೋಗಿಗಳ ರಕ್ತದಲ್ಲಿ ವೈದ್ಯರು ಅಳೆಯುವುದೂ ನಮ್ಮ ಸೂಡೊಕೋಲಿನೆಸ್ಟರೇಸನ್ನೇ. ನೋಡಿ, ವೈಶ್ಯರ ಮನೆಯವರಿಗೆ ಆಪರೇಷನ್‌ಗೆ ಮೊದಲು ಬೇಕಾದ ಪರೀಕ್ಷೆ ಯಾವುದೋ ಅಮೆರಿಕದ ಪ್ರಯೋಗಾಲಯದ್ದಲ್ಲ. ಕೀಟನಾಶಕದ ದೆಸೆಯಿಂದ ಭತ್ತದ ಸೀಮೆಯ ಆಸ್ಪತ್ರೆಗಳಿಗೆ ಅದು ಹಳೇ ಪರಿಚಯ.

ಪೋರ್ಚುಗಲ್‌ನ ಕೊಯಿಂಬ್ರಾದಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡ ಹಿರಿಯರ ರಕ್ತದಲ್ಲಿ ಇದೇ ಕಿಣ್ವ ಅಳೆದು 2011ರಲ್ಲಿ ಬರೆದರು. ಆಪರೇಷನ್‌ಗೆ ಮುಂಚೆಯೇ ಯಾರ ರಕ್ತದಲ್ಲಿ ಅದು ಕಡಿಮೆ ಇತ್ತೋ ಅವರಿಗೇ ಸನ್ನಿ ಹೆಚ್ಚು! ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಹಾಗಾದರೆ ಹುಟ್ಟಿನಿಂದಲೇ ಕಿಣ್ವವಿಲ್ಲದವರಿಗೆ? ತಡೀರಿ, ಅಷ್ಟು ಅವಸರ ಬೇಡ. ಮುದುಕರಲ್ಲಿ ಈ ಕಿಣ್ವ ಇಳಿಯುವುದು ಜೀನಿನಿಂದಲೇ ಆಗಬೇಕಿಲ್ಲ. ಅಪೌಷ್ಟಿಕತೆ, ಸೊರಗಿದ ಯಕೃತ್ತು, ಮೈಯೊಳಗಿನ ಉರಿಯೂತ ಎಲ್ಲವೂ ಅದನ್ನು ಇಳಿಸುತ್ತವೆ. ಕಿಣ್ವ ಇಳಿದದ್ದಕ್ಕೆ ಸನ್ನಿ ಬಂತೋ, ಇಬ್ಬರನ್ನೂ ಬೀಳಿಸಿದ ಮೂರನೆಯವನೊಬ್ಬ ಇದ್ದಾನೋ, ಈ ಒಂದು ಅಂಕಿ ಹೇಳುವುದಿಲ್ಲ.

ಸನ್ನಿಯ ಜೀನು ಹುಡುಕಿದವರ ಕಣ್ಣು ಹೋದದ್ದು ಹತ್ತೊಂಬತ್ತನೇ ವರ್ಣತಂತುವಿನ ಎಪಿಒಇ ಕಡೆಗೆ. ಅಲ್ಜೈಮರ್ಸ್ ಮರೆವಿನ ಅಪಾಯ ಹೆಚ್ಚಿಸುವ ಜೀನ್ ಎಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದ್ದರು. ಇದರಲ್ಲಿ ಮೂರು ಬಗೆ, ಅವುಗಳ ಹೆಸರು ಎರಡು, ಮೂರು, ನಾಲ್ಕು. ಎಲ್ಲರಲ್ಲೂ ಸಾಮಾನ್ಯವಾದದ್ದು ಮೂರನೆಯದು, ಅಪಾಯದ್ದು ನಾಲ್ಕನೆಯದು ಎಂಬ ಹೆಸರಿನದು. ಎರಡಕ್ಕೂ ಎಷ್ಟು ವ್ಯತ್ಯಾಸ ಅಂತೀರಿ? ಒಂದಕ್ಷರ. ಯಾವ ಅಕ್ಷರ? ಟಿ ಹೋಗಿ ಸಿ! ಬೇರೆ ವರ್ಣತಂತು, ಬೇರೆ ಜೀನು, ಬೇರೆ ಕಥೆ. ಅದಲುಬದಲು ಮಾತ್ರ ಅದೇ. ಕಾಕತಾಳೀಯವೇ ಹೌದು, ನಮ್ಮ ಜೀನುಗಳಲ್ಲಿ ಈ ಬಗೆಯ ಬದಲಾವಣೆ ಮಾಮೂಲು. ಆದರೂ ಮೈ ಜುಂ ಎನ್ನದೆ ಇರುತ್ತದೆಯೇ?

ಅದೇ ಡ್ಯೂಕ್‌ನವರು 1997ರಲ್ಲಿ, ಹೃದಯದ ಆಪರೇಷನ್ ಆದವರಲ್ಲಿ ಈ ನಾಲ್ಕನೆಯ ಬಗೆ ಇದ್ದವರ ಬುದ್ಧಿ ಹೆಚ್ಚು ಮಂಕಾಗುತ್ತದೆ ಎಂದು ಸಣ್ಣ ವರದಿ ಬರೆದರು. ಎಲ್ಲರೂ ಹಿಗ್ಗಿದರು. 2004ರಲ್ಲಿ ಯುರೋಪಿನ ದೊಡ್ಡ ತಂಡ ಹುಡುಕಿದರೆ ನಂಟೇ ಇಲ್ಲ. 2007ರಲ್ಲಿ ಕ್ಯಾಲಿಫೋರ್ನಿಯಾದವರು, ಬೇಗ ಕಾಣುವ ಸನ್ನಿಗೆ ನಂಟಿದೆ ಅಂದರು. ಇಲ್ಲ ಅಂದರು ಮತ್ತೊಬ್ಬರು. ಹೀಗೆ ಹಗ್ಗಜಗ್ಗಾಟ ನಡೆದಿರುವಾಗ 2020ರಲ್ಲಿ ಬಾಸ್ಟನ್‌ನಿಂದ ಒಂದು ಬೆಳಕು ಬಂತು. ಅಲ್ಲಿ 70 ದಾಟಿದ 560 ಮಂದಿಯನ್ನು ಆಪರೇಷನ್‌ನ ಆಚೆ ಈಚೆ ವರ್ಷಗಟ್ಟಲೆ ಹಿಂಬಾಲಿಸುತ್ತಿದ್ದ ತಂಡ, ಸಿಆರ್‌ಪಿ ಅಂದರೆ ಉರಿಯೂತ ತೋರಿಸುವ ರಕ್ತದ ಅಂಶವನ್ನು ಜೀನಿನ ಜೊತೆಗಿಟ್ಟು ನೋಡಿತು. ನಾಲ್ಕನೆಯ ಬಗೆ ಇದ್ದವರಲ್ಲಿ ಸಿಆರ್‌ಪಿ ಏರಿದರೆ ಸನ್ನಿಯೂ ಏರಿತು. ಅದು ಇಲ್ಲದವರಲ್ಲಿ ಸಿಆರ್‌ಪಿ ಏರಿದರೂ ಸನ್ನಿ ಏರಲಿಲ್ಲ! ಜೀನು ಒಂಟಿಯಾಗಿ ಏನೂ ಮಾಡುತ್ತಿಲ್ಲ. ಕತ್ತಿಯ ಗಾಯಕ್ಕೆ ಮೈ ಉರಿದೆದ್ದಾಗ ಆ ಉರಿಯನ್ನು ಮಿದುಳಿಗೆ ಬಿಟ್ಟುಕೊಡುತ್ತಿದೆ. ಹಿಂದಿನವರು ಜಗಳವಾಡಿದ್ದು ಅರ್ಧ ಪ್ರಶ್ನೆ ಹಿಡಿದುಕೊಂಡು. ಆಮೇಲೆ 2025ರಲ್ಲಿ ಎಡಿನ್‌ಬರೊದವರು ಹತ್ತು ಲಕ್ಷಕ್ಕೂ ಹೆಚ್ಚು ಜನರ ಜೀನುಗಳನ್ನು ಜಾಲಾಡಿ, ಎಲ್ಲ ಬಗೆಯ ಸನ್ನಿಗೂ ಎಪಿಒಇ ನಂಟು ಗಟ್ಟಿ ಎಂದರು, ಮರೆವಿನ ಕಾಯಿಲೆಯ ಪಾಲನ್ನು ತೆಗೆದಿಟ್ಟು ನೋಡಿದಾಗಲೂ.

ಇಷ್ಟಾದ ಮೇಲೂ ಒಂದು ಮಾತು ನೆನಪಿರಲಿ. ಸ್ಕೋಲಿನ್ ವಿಷಯದಲ್ಲಿ ಎರಡು ಪ್ರತಿ ಕೆಟ್ಟರೆ ಉಸಿರು ನಿಂತಂತೆಯೇ ಲೆಕ್ಕ. ಎಪಿಒಇ ಹಾಗಲ್ಲ, ಅದು ಸ್ವಲ್ಪ ವಾಲಿಸುತ್ತದೆ ಅಷ್ಟೇ. ವಯಸ್ಸು, ಮೊದಲೇ ಇದ್ದ ಮರೆವು, ನಿದ್ದೆಗೇಡು, ನೀರಡಿಕೆ, ಸೋಂಕು, ಬಗೆಹರಿಯದ ನೋವು, ಹೊತ್ತಲ್ಲದ ಹೊತ್ತಿನ ನಿದ್ದೆಗುಳಿಗೆ ಇವೆಲ್ಲ ಅದಕ್ಕಿಂತ ಹತ್ತಿರದ ಶತ್ರುಗಳು. ಶರನ್ ಇನೌಯೆ ಎಂಬ ವೈದ್ಯೆ 1999ರಲ್ಲಿ ಆಸ್ಪತ್ರೆಗೆ ಸೇರಿದ 852 ಹಿರಿಯರಲ್ಲಿ ತೋರಿಸಿದ್ದು ಮನೆಮದ್ದಿನಂಥ ಕೆಲಸಗಳನ್ನು: ಕನ್ನಡಕ ಹಾಕಿಸಿ, ಕಿವಿಯ ಮಶೀನು ಕೊಡಿ, ನೀರು ಕುಡಿಸಿ, ಹಗಲು ನಡೆದಾಡಿಸಿ, ರಾತ್ರಿ ದೀಪ ಆರಿಸಿ, ಇವತ್ತು ಯಾವ ವಾರ ಎಂದು ಆಗಾಗ ಹೇಳಿ. ಸನ್ನಿ ನೂರಕ್ಕೆ 15ರಿಂದ 9.9ಕ್ಕೆ ಇಳಿಯಿತು. ನಮ್ಮ ವಾರ್ಡುಗಳಲ್ಲಿ ಮನೆಯವರು ಮಂಚದ ಪಕ್ಕವೇ ಇರುತ್ತಾರೆ. ಆದರೆ ಕಳೆದುಹೋದೀತೆಂದು ಅಜ್ಜನ ಕನ್ನಡಕವನ್ನು ಬ್ಯಾಗಿನೊಳಗೆ ಭದ್ರ ಮಾಡಿಟ್ಟಿರುತ್ತಾರೆ!

ಭಾರತೀಯರಲ್ಲಿ ಎಪಿಒಇ ನಾಲ್ಕನೆಯ ಬಗೆ ತುಸು ಕಡಿಮೆ. ಹರಿಯಾಣದ ಬಲ್ಲಭಗಢದ ಹಳ್ಳಿಗರನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಹಳ್ಳಿಗರ ಜೊತೆ ಹೋಲಿಸಿ 2000ರಲ್ಲಿ ಬಂದ ಲೆಕ್ಕ ಅದು: ನೂರು ಪ್ರತಿಗಳಲ್ಲಿ ಅಲ್ಲಿ 11, ಇಲ್ಲಿ 7. ನಮ್ಮದೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಬೆಂಗಳೂರಿನ ಐಐಎಸ್‌ಸಿ ಅಂಗಳದ ಸೆಂಟರ್ ಫಾರ್ ಬ್ರೇನ್ ರಿಸರ್ಚ್ 45 ದಾಟಿದ ಹಳ್ಳಿಗರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ವರ್ಷವರ್ಷ ದಾಖಲಿಸುತ್ತಿದೆ. ದೇಶದ ನಾನಾ ಸಮುದಾಯಗಳ ಹತ್ತು ಸಾವಿರ ಜನರ ಜೀನುಗಳನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳೂ ಅದೇ ಕೇಂದ್ರ.

ಇನ್ನು, ನನ್ನನ್ನು ನಿದ್ದೆಗೆಡಿಸಿದ ಕೊನೆಯ ಕೊಂಡಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಐನೂರಕ್ಕೂ ಹೆಚ್ಚು ಹಿರಿಯರ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿ, ಅಲ್ಜೈಮರ್ಸ್‌ನ ಗುರುತಾದ ಅಮಿಲಾಯ್ಡ್ ಕಸ ಎಷ್ಟಿದೆ ನೋಡಿ, ಇಡೀ ಜೀನೋಮ್ ಜರಡಿ ಹಿಡಿದು, ಯಾವ ಜೀನು ಇದಕ್ಕೆ ಕಾರಣ ಎಂದು ಕೇಳಿದರು. ಮೇಲೆದ್ದು ಬಂದ ಹೆಸರುಗಳು ಎರಡು. ಒಂದು ಎಪಿಒಇ, ಅದನ್ನು ಎಲ್ಲರೂ ನಿರೀಕ್ಷಿಸಿದ್ದರು. ಇನ್ನೊಂದು? ಬಿಸಿಎಚ್‌ಇ! ಸ್ಕೋಲಿನ್ ಒಡೆಯುವ, ವೈಶ್ಯರಲ್ಲಿ ಮೂಕವಾಗಿರುವ, ಕೀಟನಾಶಕಕ್ಕೆ ಬಲಿಯಾಗುವ ಅದೇ ಕಿಣ್ವದ ಜೀನು!

ಮರೆವಿನ ಕಾಯಿಲೆಗೆ ಕೊಡುವ ರಿವಾಸ್ಟಿಗ್ಮಿನ್ ಈ ಕಿಣ್ವವನ್ನೂ ಅದರ ಸೋದರ ಅಸಿಟೈಲ್‌ಕೋಲಿನೆಸ್ಟರೇಸನ್ನೂ ಒಟ್ಟಿಗೆ ತಡೆಯುತ್ತದೆ. ಅಸಿಟೈಲ್‌ಕೋಲಿನ್ ಉಳಿಯಿತಲ್ಲ, ಸನ್ನಿಗೂ ಇದೇ ಮದ್ದು ಅಂದುಕೊಂಡು ನೆದರ್ಲೆಂಡ್ಸ್‌ನವರು ಐಸಿಯು ರೋಗಿಗಳಿಗೆ ಕೊಟ್ಟರು. 104 ಮಂದಿಯಾಗುವಷ್ಟರಲ್ಲಿ ನಿಲ್ಲಿಸಬೇಕಾಯಿತು: ಔಷಧ ಪಡೆದವರಲ್ಲಿ ಸಾವು ನೂರಕ್ಕೆ 22, ಪಡೆಯದವರಲ್ಲಿ 8, ಸನ್ನಿಯೂ ಬೇಗ ಬಿಡಲಿಲ್ಲ. 2010ರ ಈ ಪೆಟ್ಟಿನಿಂದ ವೈದ್ಯಲೋಕ ಹೌಹಾರಿತು. ಎರಡೂ ಕಿಣ್ವ ತಡೆದದ್ದು ತಪ್ಪೋ, ಮೈ ಹಣ್ಣಾಗಿದ್ದಾಗ ತಡೆದದ್ದು ತಪ್ಪೋ, ಬೇರ್ಪಡಿಸಿ ನೋಡುವುದು ಹೇಗೆ? ಒಬ್ಬ ಮನುಷ್ಯನ ಒಂದು ಕಿಣ್ವವನ್ನಷ್ಟೇ ಹುಟ್ಟಿನಿಂದ ಎಂಬತ್ತರವರೆಗೆ ಮುಚ್ಚಿಟ್ಟು ನೋಡಲು ಯಾವ ಪ್ರಯೋಗಾಲಯಕ್ಕೂ ಸಾಧ್ಯವಿಲ್ಲವಲ್ಲ!

ಆದರೆ ಅಂಥವರು ಇದ್ದಾರೆ. ಲಕ್ಷಕ್ಕೊಬ್ಬರು ಸಿಗುವ ಯುರೋಪಿನಲ್ಲಿ ಅವರನ್ನು ಹುಡುಕಿ ಗುಂಪು ಮಾಡುವುದು ಆಗದ ಮಾತು. 24ಕ್ಕೊಬ್ಬರು ಕಂಡ ಸಮುದಾಯದಲ್ಲಿ ಆಗುವ ಮಾತು. ಅವರೂ ಮುದುಕರಾಗುತ್ತಾರೆ, ಅವರಿಗೂ ಸೊಂಟ ಮುರಿಯುತ್ತದೆ, ಕಣ್ಣಿನ ಪೊರೆ, ಮಂಡಿ, ಪ್ರಾಸ್ಟೇಟ್ ಅಂತ ಅವರೂ ದಾವಣಗೆರೆಯ ಆಸ್ಪತ್ರೆಗಳಿಗೆ ಬರುತ್ತಾರೆ. ಆ ಕಿಣ್ವವಿಲ್ಲದ ಹಿರಿಯರಿಗೆ ಆಪರೇಷನ್ ಆದ ಮೇಲಿನ ಸಂಜೆ ಸನ್ನಿ ಹೆಚ್ಚೋ ಕಡಿಮೆಯೋ? ಜೊತೆಗೆ ಎಪಿಒಇ ನಾಲ್ಕನೆಯ ಬಗೆಯೂ ಇದ್ದರೆ ಏನು? ಇದಕ್ಕೆ ಬೇಕಾದದ್ದು ಒಪ್ಪಿಗೆ ಪತ್ರ, ಒಂದು ಟ್ಯೂಬ್ ರಕ್ತ, ಕೀಟನಾಶಕದ ರೋಗಿಗಳಿಗೆ ದಿನವೂ ಮಾಡುವ ಅದೇ ಕೋಲಿನೆಸ್ಟರೇಸ್ ಪರೀಕ್ಷೆ, ಮತ್ತು ಮೂರು ಸಂಜೆ ಮಂಚದ ಪಕ್ಕ ಕೂತು ‘ಯಜಮಾನ್ರೇ, ಇವತ್ತು ಯಾವ ವಾರ ಹೇಳ್ರಿ’ ಎಂದು ಕೇಳಿ ಬರೆದಿಟ್ಟುಕೊಳ್ಳುವ ಒಬ್ಬ ಪಿಜಿ ವಿದ್ಯಾರ್ಥಿ.